ಚಿಗವ್ವನ ಬಿಲ್ಲು, ಚಿಗವ್ವನ ಎಡಗಡೆ

ನಮ್ಮ ಚಿಗವ್ವನಿಗೆ ಈ ಜಗತ್ತಿನಲ್ಲಿ ಆಗಿಬರದ ಸಂಗತಿ ಒಂದೇ ಒಂದು: ಬಲಗಡೆ!

ಹಾವಿಗೆ ಹೆದರುವವರಿದ್ದಾರೆ, ಹಲ್ಲಿಗೆ ಹೆದರುವವರಿದ್ದಾರೆ, ಹೆಂಡತಿಯ ತವರಿನವರಿಗೆ ಹೆದರುವವರಂತೂ ಮನೆಗೊಬ್ಬರಿದ್ದಾರೆ. ಆದರೆ ಒಂದು ದಿಕ್ಕಿನ ಮೇಲೆಯೇ ಹಗೆ ಸಾಧಿಸುವವರನ್ನು ನೀವು ಕಂಡಿದ್ದೀರಾ? ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅವಳ ಜೊತೆ ರಸ್ತೆಯಲ್ಲಿ ಹೊರಟರೆ ಎಡಗಡೆಯೇ ನಡೆಯಬೇಕು. ಬಲಗಡೆ ಹೋದಿರೋ, ಹಿಂಡು ಬಿಟ್ಟ ಕುರಿಯನ್ನು ತಿರುವಿದ ಹಾಗೆ ರಟ್ಟೆ ಹಿಡಿದು ಎಡಕ್ಕೆ ತಿರುವಿ ಹಾಕುತ್ತಾಳೆ. ಊಟಕ್ಕೆ ಕುಳಿತರೆ ಅವಳ ಬಲಕ್ಕೆ ಗೋಡೆಯೇ ಇರಬೇಕು. ಜಮಖಂಡಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅವಳದು ಬಹಳ ವರ್ಷಗಳ ನೌಕರಿ. ಅಲ್ಲಿಯೂ ಮೇಜನ್ನು ಬಲಗೋಡೆಗೆ ಒತ್ತಿಸಿಕೊಂಡೇ ಕುಳಿತಿದ್ದಾಳೆ. ಬಂದ ಪ್ರಾಂಶುಪಾಲರೆಲ್ಲ ಆ ಮೇಜನ್ನು ನಡುವೆ ಎಳೆಸಲು ನೋಡಿದರು. ಪ್ರಾಂಶುಪಾಲರು ವರ್ಗವಾದರು, ಮೇಜು ಅಲ್ಲೇ ಇದೆ!

ಇನ್ನು ಅವಳ ಚಹಾದ ವಿಷಯ. ಚಹಾ ಸೋಸುವಾಗ ಮೊದಲ ಧಾರೆ ಕಪ್ಪಿನಡಿಯ ಬಸಿಗೆ, ಎರಡನೆಯದು ಕಪ್ಪಿಗೆ. “ಯಾಕ ಚಿಗವ್ವ, ಬಸಿಗೆ ಯಾಕ ಹಾಕ್ತಿ?” ಎಂದು ಕೇಳಿದರೆ ಉತ್ತರ ಸಿದ್ಧ: “ಬಸಿಗೂ ನೀರಡಿಕಿ ಆಗತೈತೋ, ಅದೂ ಕುಡೀಲಿ.” ಸ್ಕೂಟಿ ಹೊಡೆಯುವಾಗ ಕೋಳಿ ಕಾಳು ನೋಡುವ ಹಾಗೆ ಕತ್ತನ್ನು ಬಲಕ್ಕೆ ಓರೆ ಮಾಡಿಕೊಂಡಿರುತ್ತಾಳೆ. ಅವಳ ಮದುವೆಯ ಫೋಟೋದಲ್ಲೂ ಅದೇ ಓರೆ ಕತ್ತು. ಪಕ್ಕದಲ್ಲಿ ನಮ್ಮ ಕಾಕಾ ನೆಟ್ಟಗೆ ಕುಳಿತಿದ್ದಾರೆ. ಕಾಕಾ ಹುನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ, ಲೋಕದ ಸಕಲ ಪ್ರಶ್ನೆಗಳಿಗೂ “ಹೂಂ” ಎನ್ನುತ್ತಾರೆ. ಇಂಥ ಹೆಂಡತಿಗೆ ಅಂಥ ಗಂಡನೇ ಸರಿ ಎಂದು ಊರವರು ಹೇಳುತ್ತಾರೆ. ನಾನೂ ಹೇಳಿದ್ದೇನೆ.

ಇಂಥ ಚಿಗವ್ವ ತನ್ನ ಐವತ್ತೆರಡನೇ ವಯಸ್ಸಿನಲ್ಲಿ ಒಂದು ದಿನ ನನಗೆ ಫೋನ್ ಮಾಡಿ, “ಲೇ ತಮ್ಮಾ, ಬಿಲ್ಲು ತಗೋಬೇಕಂತ ಮಾಡೇನಿ. ಐತವಾರ ಬೀಳಗಿಗೆ ಹೋಗೂಣ ಬಾ,” ಅಂದಳು.

ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಇಲ್ಲಿ ನನ್ನ ವಿಷಯವನ್ನೂ ಒಂದಿಷ್ಟು ಹೇಳಿಬಿಡಬೇಕು. ನಾನು ಪಕ್ಕಾ ಅಂಜುಬುರುಕ. ಮುಧೋಳದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಅಪಘಾತದ ಫಾರ್ಮು ತುಂಬುವುದೇ ಹೊಟ್ಟೆಪಾಡು. ತೆಂಗಿನಮರ ನೋಡಿದರೆ ನಿಮಗೆ ಎಳನೀರು ಕಾಣುತ್ತದೆ, ನನಗೆ ಕೆಳಗೆ ನಿಂತವನ ತಲೆ ಕಾಣುತ್ತದೆ. ಅದರಲ್ಲೂ ಹಾರಿಬರುವ ವಸ್ತುಗಳೆಂದರೆ ನನ್ನ ಎದೆ ಡೊಳ್ಳಾಗುತ್ತದೆ. ಅದಕ್ಕೊಂದು ಕಾರಣವಿದೆ. ಏಳು ವರ್ಷದವನಿದ್ದಾಗ ಚಿಣ್ಣಿದಾಂಡು ಆಡುತ್ತ ನಾನು ಹೊಡೆದ ಚಿಣ್ಣಿ, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಚಿಗವ್ವನ ಮುಖಕ್ಕೆ ಬಡಿದಿತ್ತು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಹೆದರಿಕೆಗೆ ನನಗೇ ಜ್ವರ ಬಂತು! ಅವಳು ಪಟ್ಟಿ ಕಟ್ಟಿಕೊಂಡು ಬಂದು, “ಹುಬ್ಬ ತರಚೈತಿ ಅಷ್ಟ, ಏಳಲೇ ಹೇಡಿ,” ಎಂದು ನನಗೆ ಗಂಜಿ ಕುಡಿಸಿದಳು. ಮರುವಾರ ಮೀರಜಿಗೆ ಯಾರದೋ ಮದುವೆಗೆ ಹೋಗಿ ಪೇಢೆ ತಂದುಕೊಟ್ಟಳು. ಅಲ್ಲಿಗೆ ಆ ಕಥೆ ಮುಗಿಯಿತು. ನನ್ನ ಹೆದರಿಕೆ ಮಾತ್ರ ಮುಗಿಯಲಿಲ್ಲ.

“ಬಿಲ್ಲು ಯಾಕ ಚಿಗವ್ವ? ಹೊಲಿಗಿ ಮಷಿನ್ ತಗೋ. ಟೀವಿ ತಗೋ. ಬಾಣ ಯಾರಿಗರೆ ಬಡದ್ರ?”

“ನಾ ಕವಣಿ ಬೀಸಿದಾಕಿ. ನನಗ ಗುರಿ ಕಲಸ್ತಿಯೇನು?”

ಅದೂ ಖರೆ. ನಮ್ಮದು ಕುರಿ ಕಾಯ್ದ ಮನೆತನ, ಬೀರಪ್ಪನ ಒಕ್ಕಲು. ಹುಡುಗಿಯಾಗಿದ್ದಾಗ ಚಿಗವ್ವ ಕವಣೆ ಬೀಸಿದರೆ, ಪರರ ಹೊಲಕ್ಕೆ ನುಗ್ಗುವ ಕುರಿಯ ಮೂತಿಯ ಮುಂದೆ ಗೇಣು ದೂರಕ್ಕೆ ಕಲ್ಲು ಬೀಳುತ್ತಿತ್ತಂತೆ. ಕುರಿಗೆ ತಾಗುತ್ತಿರಲಿಲ್ಲ, ಆದರೆ ಕುರಿ ತಿರುಗಿ ಬರುತ್ತಿತ್ತು. ಆಮೇಲೆ ಯಾಕೋ ಕವಣೆಯನ್ನು ಗೂಟಕ್ಕೆ ಹಾಕಿಬಿಟ್ಟಳು. “ಇಷ್ಟ ವರ್ಷ ಕನಸಿನ್ಯಾಗಷ್ಟ ಬೀಸೇನೋ ತಮ್ಮಾ,” ಎಂದಳು ಫೋನಿನಲ್ಲಿ. “ಸಾಯೂದ್ರಾಗ ಒಮ್ಮೆರೆ ಇಟ್ಟ ಗುರಿಗೆ ಮುಟ್ಟಸಬೇಕು.” ದನಿ ಬೇರೆಯಾಗಿತ್ತು. ನಾನು ಬೀಳಗಿಯ ಬಸ್ಸಿನ ವೇಳೆ ಕೇಳಿದೆ.

ಬಿಲ್ಲು ಸಿಕ್ಕದ್ದು ಹಳೇ ಸಾಮಾನು ಮಾರುವ ಒಂದು ವಾಟ್ಸಾಪ್ ಗುಂಪಿನಲ್ಲಿ, ಎರಡು ಪಂಪ್‌ಸೆಟ್ ಮತ್ತು ಒಂದು ಗಬ್ಬದ ಎಮ್ಮೆಯ ನಡುವೆ. ಮಾರುವವರು ಬೀಳಗಿಯವರು. ಹಿಂದೆ ಬಿಲ್ಲಿನ ಪಂದ್ಯಗಳಲ್ಲಿ ಆಡಿದವರು, ಈಗ ಭುಜದ ನೋವಿಗೆ ಆಟ ಬಿಟ್ಟು ನಾಲ್ಕು ಜನರಿಗೆ ಕಲಿಸುತ್ತ ಮಾಸ್ತರರಾಗಿದ್ದಾರೆ. ಪುರಾಣದ ಬಿಲ್ಲನ್ನು ಕಲ್ಪಿಸಿಕೊಂಡು ಹೋಗಿದ್ದ ನನಗೆ ಅಲ್ಲಿ ಕಂಡದ್ದು ಸೈಕಲ್ಲಿಗೂ ಮಗ್ಗಕ್ಕೂ ಹುಟ್ಟಿದ ಕೂಸು! ಎರಡೂ ತುದಿಗೆ ಗಾಲಿ, ಗಾಲಿಯಿಂದ ಗಾಲಿಗೆ ದಾರ, ಮುಂದೆ ಗುರಿ ನೋಡುವ ಸಣ್ಣ ಮುಳ್ಳು. ಇದಕ್ಕೆ ಕಾಂಪೌಂಡ್ ಬಿಲ್ಲು ಎನ್ನುತ್ತಾರಂತೆ. ಎಳೆಯುವ ಹೆದೆಯಲ್ಲಿ ಕಣ್ಣಿನ ಮಟ್ಟಕ್ಕೆ ಕಡಲೆಕಾಳಿನಷ್ಟು ಒಂದು ತೂತು. ಆ ತೂತಿನೊಳಗಿಂದ ಒಂದೇ ಕಣ್ಣಿನಲ್ಲಿ ನೋಡಿ, ಮುಳ್ಳನ್ನು ಗುರಿಯ ಮೇಲೆ ಕೂರಿಸಿ, ಮಣಿಕಟ್ಟಿಗೆ ಕಟ್ಟಿಕೊಂಡ ಟ್ರಿಗರ್ ಒತ್ತಬೇಕು.

ಮಾಸ್ತರರು ಶುರು ಮಾಡಿದರು: “ಅಕ್ಕಾರ, ಬಿಲ್ಲು ಆರಿಸೂ ಮೊದಲ ಕಣ್ಣ ನೋಡಬೇಕ್ರಿ. ಮನಶ್ಯಾಗ ಒಂದ ಕೈ ಜೋರ ಇದ್ದಂಗ ಒಂದ ಕಣ್ಣೂ ಜೋರ ಇರತೈತಿ. ನಿಮ್ಮದು ಯಾವುದು ಅಂತ…”

“ಎರಡೂ ಜೋರ ಅದಾವ್ರಿ!” ಎಂದಳು ಚಿಗವ್ವ. “ಬಸ್ಸಿಗೆ ಹೊತ್ತಾತು. ಬಿಲ್ಲು ತೋರಸ್ರಿ.”

ಗೋಡೆಗೆ ಎರಡು ಬಿಲ್ಲು ನೇತುಬಿದ್ದಿದ್ದವು. ಒಂದು ಬಲಗೈಯವರದು. ಇನ್ನೊಂದು ಎಡಗೈಯವರದು, ಕೊಳ್ಳುವವರಿಲ್ಲದೆ ಧೂಳು ಹಿಡಿದಿತ್ತು. ಚಿಗವ್ವ ನೆಟ್ಟಗೆ ಧೂಳಿನ ಬಿಲ್ಲಿನ ಹತ್ತಿರ ಹೋಗಿ ಸೆರಗಿನಿಂದ ಅದನ್ನು ಒರೆಸತೊಡಗಿದಳು. ನನಗೆ ತಡೆಯಲಾಗಲಿಲ್ಲ.

“ಅದು ಎಡಗೈದು ಚಿಗವ್ವ! ಎಡಗಣ್ಣಲೆ ನೋಡಿ ಎಡಗೈಲೆ ಜಗ್ಗೂದು. ನೀ ಉಣ್ಣೂದು ಬಲಗೈಲೆ, ಬರಿಯೂದು ಬಲಗೈಲೆ. ಎಡಗೈ ಬಿಲ್ಲು ಮನಿಗೆ ಒಯ್ದರ ನಿಮ್ಮವ್ವ ಹೊಸ್ತಿಲಾ ದಾಟಗೊಡ್ತಾಳೇನು?”

ಚಿಗವ್ವ ಕತ್ತು ಓರೆ ಮಾಡಿ ನನ್ನನ್ನು ಒಂದು ಗಳಿಗೆ ನೋಡಿದಳು. “ಖರೆ ಐತಿ ನೀ ಅನ್ನೂದು,” ಎಂದು ಬಲಗೈ ಬಿಲ್ಲನ್ನೇ ತೆಗೆದುಕೊಂಡಳು. ನನ್ನ ಮಾತನ್ನು ಅವಳು ಅಷ್ಟು ಬೇಗ ಒಪ್ಪಿದ್ದು ಜನ್ಮದಲ್ಲಿ ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬರುವಾಗ ಬಿಲ್ಲನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿಟ್ಟುಕೊಂಡೆವು. ಕಂಡಕ್ಟರು ಹೊರಗೆ ಚಾಚಿದ್ದ ಗಾಲಿಯನ್ನು ನೋಡಿ, “ಬನಹಟ್ಟಿಗೇನ್ರಿ ಯಕ್ಕಾ? ಮಗ್ಗದ ಸಾಮಾನ ಕಾಣತೈತಿ,” ಅಂದ. “ಹೌದೋ ಯಪ್ಪಾ,” ಎಂದಳು ಚಿಗವ್ವ, “ಹಳೇ ಮಗ್ಗ. ನೂಲು ಹರದು ಬಾಳ ವರ್ಷ ಆತು, ಈಗ ಮತ್ತ ನೇಯಬೇಕು.” ಕಂಡಕ್ಟರು ಪಾಪ ಏನು ತಿಳಿದನೋ, ಕಾಲಿಡಲು ಜಾಗ ಮಾಡಿಕೊಟ್ಟ. ನಾನು ಮಾತ್ರ ಜಮಖಂಡಿ ಬರುವವರೆಗೂ ಬಾಣಗಳ ಮೊನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕುಳಿತಿದ್ದೆ. ಬ್ರೇಕ್ ಹಾಕಿದರೆ ಮುಂದಿನ ಸೀಟಿನ ಮುದುಕನ ಗತಿಯೇನು?

ಮನೆಯಲ್ಲಿ ಆಯಿ, ಅಂದರೆ ಚಿಗವ್ವನ ಅವ್ವ, ನಮ್ಮ ಅಜ್ಜಿ, ಭಂಡಾರದ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ಭಂಡಾರವೆಂದರೆ ಬೀರಪ್ಪನ ಹೆಸರಿನ ಅರಿಶಿನಪುಡಿ. ನಮ್ಮಲ್ಲಿ ಯಾವ ಹೊಸ ವಸ್ತು ಬಂದರೂ ಭಂಡಾರ ಹಚ್ಚದೆ ಬಳಸುವಂತಿಲ್ಲ. ಫ್ರಿಜ್ಜಿನ ಬಾಗಿಲು ಇಂದಿಗೂ ಹಳದಿ! ಆಯಿ ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಗಾಲಿಗೆ ಹಚ್ಚಿದಳು, ಹಿಡಿಕೆಗೆ ಹಚ್ಚಿದಳು. ಕೊನೆಗೆ, “ಇದೇನೋ ತೂತು?” ಎಂದು ಕೇಳಿದಳು. “ಬಲಗಣ್ಣಲೆ ನೋಡೂದು ಆಯಿ,” ಅಂದೆ. “ಬಲಗಣ್ಣಲೆ?” ಎಂದು ಮಗಳ ಮುಖ ನೋಡಿದ ಆಯಿ, ಹೆಬ್ಬೆರಳಿನಿಂದ ಆ ತೂತಿಗೆ ಗಟ್ಟಿಯಾಗಿ ಭಂಡಾರ ಮೆತ್ತಿಬಿಟ್ಟಳು.

ಮನೆಯ ಹಿಂದೆ ದನ ಮೇಯುವ ಗಾಯರಾಣ. ಬನಹಟ್ಟಿ ಮಗ್ಗದ ಚಿಂದಿ ತುಂಬಿದ ಗೋಣಿಚೀಲವೇ ಗುರಿ, ಅದರ ನಡುವೆ ಕಾಲೇಜಿನ ಹಳೇ ರಟ್ಟು. ಬಾಣ ಬಿಡುವ ಮೊದಲು ನಾನು ಕೋಳಿಗಳನ್ನು ಓಡಿಸಿದೆ, ಎಮ್ಮೆಗಳನ್ನು ಎಣಿಸಿದೆ, ದಾರಿಹೋಕರಿಗೆ ಕೂಗಿ ಹೇಳಿದೆ, ಆಮೇಲೆ ಹೆಲ್ಮೆಟ್ ಹಾಕಿಕೊಂಡು ರೊಟ್ಟಿ ಹಿಟ್ಟು ನಾದುವ ದೊಡ್ಡ ತಟ್ಟೆ ಪರಾತವನ್ನು ಎದೆಗೆ ಹಿಡಿದು ನಿಂತೆ. “ಯುದ್ಧಕ್ಕ ಹೊಂಟಿ ಏನೋ?” ಎಂದು ನಗುತ್ತ ಚಿಗವ್ವ ಬಿಲ್ಲು ಜಗ್ಗಿದಳು. ಕತ್ತು ಓರೆಯಾಯಿತು, ಇನ್ನೂ ಓರೆಯಾಯಿತು. ಬಾಣ ಚೀಲದಿಂದ ಹತ್ತು ಮಾರು ಎಡಕ್ಕೆ, ಜಾಲಿಗಿಡದಲ್ಲಿ!

“ತೂತಿನಾಗ ಭಂಡಾರ ತುಂಬೈತೋ, ಕಾಣವಲ್ದು.”

ನಾನು ಡಬ್ಬಣದಿಂದ ತೂತನ್ನು ಕೊರೆದು ಸ್ವಚ್ಛ ಮಾಡಿದೆ. ಎರಡನೇ ಬಾಣವೂ ಜಾಲಿಗಿಡಕ್ಕೆ, ಮೂರನೆಯದೂ ಅಲ್ಲಿಗೇ. “ಇನ್ನೂ ಒಂಚೂರು ಉಳದೈತಿ ಕಾಣತೈತಿ,” ಎಂದಳು. ಮುಂದಿನ ಐತವಾರ ಹೋದರೆ ತೂತು ಮತ್ತೆ ಭರ್ತಿ! “ಆಯಿ, ಇದೇನ ಬೇ?” ಎಂದರೆ, “ದೇವರದು. ಒಮ್ಮೆ ಹಚ್ಚಿ ಬಿಟ್ರ ಹೆಂಗ?” ಎಂದು ಆಯಿ ಎಲೆ-ಅಡಿಕೆ ಜಗಿಯುತ್ತ ಕುಳಿತಳು. ನಾನು ಮತ್ತೆ ಕೊರೆದೆ. ಅದರ ಮುಂದಿನ ಐತವಾರವೂ ಅದೇ ಹಾಡು. ಎಂಬತ್ತರ ಮುದುಕಿಯ ಭಕ್ತಿಗೂ ನನ್ನ ಡಬ್ಬಣಕ್ಕೂ ಪಂದ್ಯ ಬಿದ್ದ ಹಾಗಾಯಿತು. ಗೆದ್ದವಳು ಆಯಿ.

ಮೂರನೇ ಐತವಾರ ಒಂದು ಬಾಣ ಜಾಲಿಗಿಡವನ್ನೂ ದಾಟಿಕೊಂಡು ಹೋಗಿ, ಅದರಾಚೆ ನೆರಳಿಗೆ ನಿಲ್ಲಿಸಿದ್ದ ನನ್ನ ಬೈಕಿನ ಸೀಟಿಗೆ ನೆಟ್ಟಿತು. ಅರ್ಧ ಗಂಟೆಯ ಹಿಂದೆ ಆ ಸೀಟಿನ ಮೇಲೆ ಯಾರು ಕುಳಿತಿದ್ದರು? ನಾನು! ಪರಾತ ಜಾರಿ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಎಮ್ಮೆಗಳೆಲ್ಲ ದಿಕ್ಕಾಪಾಲು. ಮನೆತನದಲ್ಲೇ ಮೊದಲ ಸಲ ನಾನು ಚಿಗವ್ವನ ಮೇಲೆ ದನಿಯೇರಿಸಿದೆ.

“ಸಾಕ ಮಾಡು ಚಿಗವ್ವ! ಯಾರದರೆ ಕಣ್ಣ ಹೋದ್ರ ಏನ ಮಾಡ್ತಿ?”

“ಹೋದ್ರ ಒಂದ ಹೋಗತೈತಿ. ಇನ್ನೊಂದ ಇರತೈತೆಲ್ಲ!” ಎಂದು ನಕ್ಕಳು.

“ನಗಬ್ಯಾಡ! ಕಣ್ಣಂದ್ರ ಆಟ ಅಲ್ಲ. ಈ ಬಿಲ್ಲ ವಾಪಸ್ ಕೊಡೂದ. ಇಲ್ಲಾಂದ್ರ ನಾ ಈ ಮನಿಗೆ ಬರೂದಿಲ್ಲ.”

ನಗು ನಿಂತಿತು. ಅವಳು ಬಿಲ್ಲಿನ ಗಾಲಿಯ ಮೇಲೆ ಕೂತ ಮಣ್ಣನ್ನು ಬೆರಳಿನಿಂದ ಒರೆಸಿದಳು. “ನೀ ಬರೂದಿಲ್ಲಂದ್ರ ನನಗ ಬಿಲ್ಲ ಯಾಕ ಬೇಕೋ?” ಎಂದು ಕಂಬಳಿ ಸುತ್ತಿದಳು. ನನಗೆ ಗೆದ್ದೆನೆಂಬ ಸಂತೋಷ ಒಂದಿಷ್ಟೂ ಆಗಲಿಲ್ಲ. ವಾರವಿಡೀ ಆಫೀಸಿನಲ್ಲಿ ಫಾರ್ಮು ತಪ್ಪು ತುಂಬಿದೆ.

ಬೀಳಗಿಯ ಮಾಸ್ತರರು ಬಿಲ್ಲನ್ನು ವಾಪಸು ತೆಗೆದುಕೊಳ್ಳಲು ಒಪ್ಪಿದರು. ಆದರೆ, “ಒಮ್ಮೆ ಹೊಡದ ತೋರಸ್ರಿ ಅಕ್ಕಾರ. ತಪ್ಪ ಎಲ್ಲೈತಿ ನೋಡೂಣು,” ಎಂದರು. ಚಿಗವ್ವ ಬಿಲ್ಲು ಜಗ್ಗಿದಳು. ಅವರ ಕಣ್ಣು ಬಾಣದ ಮೇಲಿರಲಿಲ್ಲ, ಓರೆಯಾಗುತ್ತಿದ್ದ ಅವಳ ಕತ್ತಿನ ಮೇಲಿತ್ತು. ಅರ್ಧಕ್ಕೇ ನಿಲ್ಲಿಸಿ ಬಿಲ್ಲನ್ನು ಇಳಿಸಿಕೊಂಡರು.

“ಎರಡೂ ಕೈ ಮುಂದ ಚಾಚ್ರಿ. ಹೆಬ್ಬೆರಳ ಕೂಡಿಸಿ ನಡಕ ಸಂದಿ ಮಾಡ್ರಿ. ಆ ಸಂದ್ಯಾಗ ಅಲ್ಲಿ ನೀರಿನ ಟಾಕಿ ನೋಡ್ರಿ. ಈಗ ಬಲಗಣ್ಣ ಮುಚ್ರಿ. ಟಾಕಿ ಐತಿ?”

“ಐತ್ರಿ.”

“ಈಗ ಅದನ್ನ ತಗೀರಿ. ಎಡಗಣ್ಣ ಮುಚ್ರಿ. ಟಾಕಿ ಐತಿ?”

ಚಿಗವ್ವ ಚಾಚಿದ ಕೈಗಳನ್ನು ಅತ್ತಿತ್ತ ಸರಿಸಿದಳು.

“ಟಾಕಿ ಬ್ಯಾಡ್ರಿ,” ಮಾಸ್ತರರ ದನಿ ಇಳಿಯಿತು. “ನಿಮ್ಮ ಕೈ ಕಾಣತಾವೇನ್ರಿ?”

“ಬೆಳಕ ಐತ್ರಿ.”

“ಮತ್ತ?”

“ಬೆಳಕ ಅಷ್ಟ ಐತ್ರಿ.”

“ಎಷ್ಟ ವರ್ಷ ಆತ್ರಿ ಅಕ್ಕಾರ?”

ಚಿಗವ್ವ ಎಡಗಣ್ಣು ತೆರೆದು ಮೊದಲು ಎಡಕ್ಕೆ ಹುಡುಕಿದಳು. ನಾನು ಬಲಗಡೆ, ಮೊಳ ದೂರದಲ್ಲೇ ನಿಂತಿದ್ದೆ. ಮುಖವನ್ನು ಪೂರ್ತಿ ಈಚೆ ತಿರುಗಿಸಿದಾಗಷ್ಟೇ ಅವಳಿಗೆ ನಾನು ಕಂಡೆ. ಕಂಡ ಕೂಡಲೇ ಮಾಸ್ತರರ ಕಡೆ ತಿರುಗಿ, ನನಗೆ ಚೆನ್ನಾಗಿ ಕೇಳುವ ಹಾಗೆ, “ಹುಟ್ಟಿದಾಗಿಂದ ಹಿಂಗ ಐತ್ರಿ!” ಎಂದಳು.

ನಮ್ಮ ಕಚೇರಿಯ ಫಾರ್ಮಿನಲ್ಲಿ ಒಂದು ಸಾಲಿದೆ: ಹುಟ್ಟಿನಿಂದಲೋ, ಅಪಘಾತದಿಂದಲೋ. ಎಷ್ಟು ಸಲ ತುಂಬಿದ್ದೇನೋ ಲೆಕ್ಕವಿಲ್ಲ. ಉತ್ತರ ಹೇಳುವವರು ಯಾವಾಗ ದನಿ ಏರಿಸುತ್ತಾರೆ ಎಂಬುದು ನನಗೆ ಗೊತ್ತು. ಅಂಗಳದ ಆ ಚಿಣ್ಣಿ ಮತ್ತೆ ಕಣ್ಣ ಮುಂದೆ ಹಾರಿಬಂತು; ಗೋಡೆ ಹಿಡಿದು ನಿಂತೆ.

ಮಾಸ್ತರರು ಗೋಡೆಯಿಂದ ಎಡಗೈ ಬಿಲ್ಲನ್ನು ಇಳಿಸಿ, ಅಲನ್ ಕೀ ಎಂಬ ಸಣ್ಣ ಚಾವಿಯಿಂದ ಅದರ ಬಿಗಿಯನ್ನು ಅವಳ ಶಕ್ತಿಗೆ ತಕ್ಕಂತೆ ಹಗುರ ಮಾಡಿ ಕೊಟ್ಟರು. ಚಿಗವ್ವ ಬಲಗೈಯಲ್ಲಿ ಬಿಲ್ಲು ಹಿಡಿದು ಎಡಗೈಯಲ್ಲಿ ಹೆದೆ ಜಗ್ಗಿದಳು. ಈ ಸಲ ಕತ್ತು ಓರೆಯಾಗಲಿಲ್ಲ. ಮೊದಲ ಬಾಣ ಮಾಸ್ತರರ ಗುರಿಹಲಗೆಯ ಅಂಚಿಗೆ, ಎರಡನೆಯದು ಕೆಳಗೆ. ಐದನೆಯದು ನಟ್ಟನಡುವಿಗೆ! “ಮುಟ್ಟಿತೋ ತಮ್ಮಾ! ಮುಟ್ಟಿತು!” ಎಂದು ಕುಣಿದಳು. ನಾನು ಚಪ್ಪಾಳೆ ತಟ್ಟಿದೆ. ಅಳುತ್ತಿದ್ದವನಿಗೆ ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಆಯಿ ಭಂಡಾರದ ಬಟ್ಟಲಿನೊಂದಿಗೆ ಬಂದಳು. ಎಡಗೈ ಬಿಲ್ಲೆಂದು ಹೊಸ್ತಿಲಲ್ಲಿ ತಡೆಯಲಿಲ್ಲ. ಗಾಲಿಗೆ ಹಚ್ಚಿದಳು, ಹಿಡಿಕೆಗೆ ಹಚ್ಚಿದಳು, ತೂತನ್ನು ಮಾತ್ರ ಬಿಟ್ಟಳು. ಚಿಗವ್ವ ನೀರು ತರಲು ಒಳಗೆ ಹೋದಾಗ ನಾನು ಆಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ.

“ಆಯಿ, ಈ ತೂತಿಗೆ ಹಚ್ಚಲಿಲ್ಲಲ್ಲ?”

“ಇದು ಕಾಣೂ ಕಣ್ಣಿಂದಲ್ಲೇನೋ.”

“ನಿನಗ ಗೊತ್ತಿತ್ತು.”

“ನಿನಗ ಹೇಳಬಾರದಂತ ಭಂಡಾರ ಮುಟ್ಟಿಸಿ ಆಣಿ ತಗೊಂಡಾಳೋ ಯಪ್ಪಾ. ಬಾಯಿಗೆ ಆಣಿ ಇತ್ತು, ಕೈಗೆ ಇರಲಿಲ್ಲ. ಬಾಣ ತಪ್ಪಿದ್ರ ಹೆಸರು ಕಣ್ಣಿಗೆ ಯಾಕ ಬರಬೇಕು, ಭಂಡಾರಕ್ಕ ಬರಲಿ ಅಂತ ತುಂಬತಿದ್ದೆ.”

“ಮೀರಜದ ಮದವಿ?”

“ಮದವಿ ಎಲ್ಲಿದೋ! ದವಾಖಾನಿ. ಮೂರ ಸಲ ಹೋಗಿ ಬಂದ್ಲು.” ಆಯಿ ಬಟ್ಟಲನ್ನು ಕೆಳಗಿಟ್ಟಳು. “ಹುಡುಗಗ ಗೊತ್ತಾದ್ರ ಜಲಮ ಪೂರಾ ಅಂಜಕೋತ ಬದುಕತೈತಿ ಅಂದ್ಲು.”

ನೋಡ್ರಿ ನನ್ನ ಹಣೆಬರಹ! ಹೇಳದಿದ್ದರೂ ನಾನು ಅಂಜಿಕೊಂಡೇ ಬದುಕಿದೆ. ಗೋಡೆಗೆ ಒತ್ತಿದ ಮೇಜು, ಬಸಿಗೆ ಬಿದ್ದ ಚಹಾ, ಮದುವೆಯ ಫೋಟೋದ ಓರೆ ಕತ್ತು! ಮೂವತ್ತೆರಡು ವರ್ಷ ಊರೆಲ್ಲ ಅವಳನ್ನು ತಿಕ್ಕಲಿ ಎಂದು ನಕ್ಕಿತು. ಅವಳೂ ಜೊತೆಗೆ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಈ ಬರಹದ ಮೊದಲ ಸಾಲಿನಲ್ಲೂ ನಕ್ಕಿದ್ದೇನೆ.

ಚಿಗವ್ವ ನೀರು ಕುಡಿದು, ಬಿಲ್ಲು ಹಿಡಿದುಕೊಂಡು ಗಾಯರಾಣದ ಕಡೆ ಹೊರಟಳು. ನಾನು ಹಿಂದೆಯೇ ಓಡಿದೆ. ಹೆಲ್ಮೆಟ್ ಇರಲಿಲ್ಲ, ಪರಾತವೂ ಇರಲಿಲ್ಲ. ಇನ್ನು ಮುಂದೆ ಅವಳಿಗೆ ಕಾಣದ ಕಡೆಯನ್ನು ನಾನು ನೋಡಿಕೊಳ್ಳಬೇಕು ಎನ್ನಿಸಿ, ಬುದ್ಧಿ ಬಂದಾಗಿನಿಂದ ಮೊದಲ ಸಲ ಬೇಕೆಂದೇ ಅವಳ ಬಲಗಡೆ ಹೆಜ್ಜೆ ಹಾಕಿದೆ.

ನಾಲ್ಕು ಮಾರು ನಡೆದ ಮೇಲೆ ಅವಳು ನಿಂತಳು. ಮುಖವನ್ನು ಪೂರ್ತಿ ತಿರುಗಿಸಿ ನನ್ನನ್ನು ನೋಡಿದಳು, ನನ್ನ ಕೆಂಪಾದ ಕಣ್ಣುಗಳನ್ನೂ ನೋಡಿದಳು. ಆಯಿ ಕುಳಿತಿದ್ದ ಕಟ್ಟೆಯ ಕಡೆಗೊಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. ಆಮೇಲೆ ಯಾವತ್ತಿನ ಹಾಗೆ ನನ್ನ ರಟ್ಟೆ ಹಿಡಿದಳು.

“ಎಡಕ್ಕ ಬಾರೋ,” ಎಂದಳು. “ಅಲ್ಲಿದ್ರ ನನಗ ನೀ ಕಾಣವಲ್ಲಿ.”